ಹೆಸರು ಬಿಟ್ಟುಕೊಟ್ಟ ಸೀಮೆ

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅಂದು ಮುಖ್ಯಮಂತ್ರಿಯಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಎರಡು ಮಾತೂ ಕೇಳಿಬರುತ್ತವೆ. ಅವುಗಳ ನಡುವಿನ ನಂಟನ್ನು ತೂಗಿ ನೋಡಿದ್ದು ಮಾತ್ರ ಕಡಿಮೆ. ಹೆಸರು ಬದಲಾಗಲಿ ಎಂದು ಧಾರವಾಡ ಕೇಳಿತು, ಕಲಬುರಗಿ ಕೇಳಿತು ಎಂದರೆ ಅದರಲ್ಲಿ ಅಚ್ಚರಿಯಿಲ್ಲ. ಅವರ ಊರುಗಳ ಮೇಲೆ ಕೂತಿದ್ದದ್ದು ಇನ್ನೊಂದು ಸೀಮೆಯ ಹೆಸರು. ಆ ಹೆಸರು ಸ್ವಂತದ್ದಾಗಿದ್ದದ್ದು ಹಳೆ ಮೈಸೂರಿನವರಿಗೆ. ಅದನ್ನು ಬಿಟ್ಟುಕೊಡುವ ಕೆಲಸವನ್ನು ಮುಂದೆ ನಿಂತು ಮುಗಿಸಿದವರು ಅದೇ ಸೀಮೆಯವರು, ಅದರಲ್ಲೂ ಮೈಸೂರು ಅರಮನೆಯೊಂದಿಗೆ ನಂಟುಳ್ಳ ಅರಸು ಸಮುದಾಯಕ್ಕೆ ಸೇರಿದವರು.

ಭಾಷೆಯ ಆಧಾರದ ಮೇಲೆ ಕಟ್ಟಿದ ನಾಡನ್ನು ಹೇಗೆ ಅಳೆಯಬೇಕು? ಸಾಮಾನ್ಯವಾಗಿ ನಾವು ಬಾವುಟ, ನಾಡಗೀತೆ, ಜ್ಞಾನಪೀಠಗಳ ಲೆಕ್ಕ ಹಿಡಿಯುತ್ತೇವೆ. ಆ ನಾಡಿನಲ್ಲಿ ಬಲವುಳ್ಳವರು ಬಲವಿಲ್ಲದವರಿಗಾಗಿ ಏನನ್ನು ಬಿಟ್ಟುಕೊಟ್ಟರು ಎಂದು ಕೇಳುವುದು ಅದಕ್ಕಿಂತ ಸರಿಯಾದ ಅಳತೆ ಎಂದು ನಾನು ನಂಬಿದ್ದೇನೆ. 1973ರ ನಾಮಕರಣವನ್ನೂ ಅದರ ನಂತರದ ಐವತ್ತು ವರ್ಷಗಳ ಕನ್ನಡ ರಾಜಕಾರಣವನ್ನೂ ಈ ಅಳತೆಗೆ ಒಡ್ಡಬೇಕು. ಹಾಗೆ ನೋಡುವುದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಗಿಂತ ತಕ್ಕ ನೆಲ ಇನ್ನೊಂದಿಲ್ಲ. ಜತೆಗಿಟ್ಟು ಹೋಲಿಸಲು ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್ ಇದೆ. ಸುತ್ತಲೂ ಇಂಗ್ಲಿಷ್ ಆವರಿಸಿರುವಾಗ ಒಂದು ನುಡಿಯ ಜನ ತಮ್ಮ ನಾಡನ್ನು ಹೇಗೆ ಉಳಿಸಿಕೊಂಡರು, ಉಳಿಸಿಕೊಳ್ಳುವಾಗ ಎಲ್ಲಿ ಎಡವಿದರು ಎಂಬ ಎರಡು ಪಾಠವೂ ಅಲ್ಲಿ ಸಿಗುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಸರುಗಳು ಗೆದ್ದವರ, ಆಳಿದವರ ಗುರುತಾಗಿಯೇ ಬಂದಿವೆ. ಪಿರಿಯಾಪಟ್ಟಣದ ಸೀಮೆ ಶತಮಾನಗಳ ಕಾಲ ಚೆಂಗಾಳ್ವರದಾಗಿತ್ತು. ಅಡುಗೆಯ ಶಾಸ್ತ್ರವನ್ನು ಕನ್ನಡ ಪದ್ಯದಲ್ಲಿ ಬರೆದ ಮೂರನೆಯ ಮಂಗರಸನ ಮನೆತನ ಚೆಂಗಾಳ್ವರ ಆಸರೆಯಲ್ಲಿ ಬಾಳಿದ್ದು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಪಿರಿಯಾಪಟ್ಟಣದ ಕೋಟೆ ಮೈಸೂರಿನ ವಶವಾಯಿತು. ಚೆಂಗಾಳ್ವರ ಹೆಸರು ಶಾಸನಗಳಲ್ಲಿ ಮಾತ್ರ ಉಳಿಯಿತು. ಕಾವೇರಿ ದಡದ ಎಡತೊರೆಯ ಜನರಿಗಾಗಿ ನೆರೆಯ ಹಾವಳಿಯಿಂದ ದೂರದಲ್ಲಿ ಹೊಸ ಊರು ಕಟ್ಟಿದಾಗ ಅದಕ್ಕೆ ನಾಲ್ವಡಿಯವರ ಹೆಸರಿಟ್ಟು ಕೃಷ್ಣರಾಜನಗರ ಎಂದರು. ಹೆಗ್ಗಡದೇವನಕೋಟೆಯ ಹೆಸರಿನಲ್ಲೇ ಒಬ್ಬ ಒಡೆಯನಿದ್ದಾನೆ. ಈ ಸಾಲಿನಲ್ಲಿ 1973ರದ್ದು ಬೇರೆಯೇ ಬಗೆಯ ಹೆಸರು. ಯಾವ ರಾಜನೂ ಯಾರನ್ನೂ ಗೆಲ್ಲದೆ, ರಾಜ್ಯದ ಬಲವಾದ ಭಾಗವೇ ಹಿಂದೆ ಸರಿದು, ಎಲ್ಲರಿಗೂ ಸಲ್ಲುವ ಹೆಸರಿಗೆ ಜಾಗ ಬಿಟ್ಟಿತು.

ಆ ಹಿಂದೆ ಸರಿಯುವಿಕೆ ಸುಲಭದ್ದಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ನೆಲ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಯಿತು. ಅದರಲ್ಲಿ ಮೈಸೂರು ಸಂಸ್ಥಾನಕ್ಕೆ ಒಳ್ಳೆಯ ದಿನಗಳು ಬಂದವು. 1902ಕ್ಕೆ ಶಿವನಸಮುದ್ರದಿಂದ ವಿದ್ಯುತ್ತು ಹರಿಯಿತು, 1916ರಲ್ಲಿ ಸ್ವಂತ ವಿಶ್ವವಿದ್ಯಾನಿಲಯ ಬಂತು, ಕನ್ನಂಬಾಡಿ ಕಟ್ಟೆ ಎದ್ದಿತು. ಉತ್ತರದವರು ಏಕೀಕರಣಕ್ಕಾಗಿ ಹಂಬಲಿಸುತ್ತಿದ್ದಾಗ ಇಲ್ಲಿನ ಅನೇಕ ಮುಖಂಡರು ಹಿಂಜರಿದದ್ದು ಇದೇ ಕಾರಣಕ್ಕೆ. ನಾವು ಕೂಡಿಟ್ಟದ್ದನ್ನು ಹಂಚಿಕೊಳ್ಳಬೇಕಾದೀತು, ಅಧಿಕಾರದ ಜಾತಿ ಲೆಕ್ಕಾಚಾರ ತಪ್ಪೀತು ಎಂಬ ಅಂಜಿಕೆ ಅವರದು. ಕೆಂಗಲ್ ಹನುಮಂತಯ್ಯನವರೂ ಕುವೆಂಪು ಅವರೂ ಆ ಅಂಜಿಕೆಯನ್ನು ಮೀರಿ ಏಕೀಕರಣದ ಪರ ನಿಂತರು. 1956ರ ನವೆಂಬರ್ 1ರಂದು ನೆಲ ಒಂದಾಯಿತು. ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು ಏಕೀಕರಣಕ್ಕೆ ಮನಸ್ಸು ಹದಗೊಳಿಸಿದ ಆಲೂರು ವೆಂಕಟರಾಯರು 1964ರಲ್ಲಿ ತೀರಿಕೊಂಡಾಗಲೂ ಅವರ ನಾಡಿಗೆ ಆ ಹೆಸರು ಬಂದಿರಲಿಲ್ಲ. ಮದರಾಸು 1969ರಲ್ಲೇ ತಮಿಳುನಾಡಾಯಿತು. ನಾವು ಹದಿನೇಳು ವರ್ಷ ತೆಗೆದುಕೊಂಡೆವು.

ಸಾಹಿತಿಗಳು, ಹೋರಾಟಗಾರರು, ಉತ್ತರದ ಶಾಸಕರು ಬಹುಕಾಲದಿಂದ ಕೇಳುತ್ತಾ ಬಂದದ್ದನ್ನು ಅರಸು ಸರ್ಕಾರ ಮಾಡಿತು. ಮೆಚ್ಚುಗೆ ಅವರೊಬ್ಬರಿಗೇ ಸಲ್ಲುವುದಿಲ್ಲ. ಆದರೆ ಈ ನಿರ್ಧಾರವನ್ನು ಅವರ ಉಳಿದ ಕೆಲಸಗಳ ಪಕ್ಕದಲ್ಲಿಟ್ಟಾಗ ಅದರ ಅರ್ಥ ತೆರೆದುಕೊಳ್ಳುತ್ತದೆ. ಹಿಂದುಳಿದ ವರ್ಗಗಳ ಬಗೆಗೆ ಹಾವನೂರು ಆಯೋಗವನ್ನು ನೇಮಿಸಿದ್ದು 1972ರಲ್ಲಿ; ಗೇಣಿದಾರನಿಗೆ ಭೂಮಿ ಕೊಡಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನಡುವೆ ಬಂದದ್ದು ನಾಡಿನ ಹೆಸರು. ಮೂರರಲ್ಲೂ ಉಳ್ಳವನು ಬಿಟ್ಟುಕೊಡಬೇಕು ಎಂಬ ಒಂದೇ ಎಳೆ ಇದೆ. ಅದಕ್ಕೇ 1973ರ ನಾಮಕರಣ ಕನ್ನಡ ರಾಜಕಾರಣದ ಅತ್ಯಂತ ಘನವಾದ ಗಳಿಗೆ ಎಂದು ನಾನು ತೀರ್ಮಾನಿಸುತ್ತೇನೆ.

ಕ್ವಿಬೆಕ್‌ನ ಕತೆ ಶುರುವಾಗುವುದು ಸೋಲಿನಿಂದ. 1608ರಲ್ಲಿ ಫ್ರೆಂಚರು ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ನೆಲೆ ನಿಂತರು. 1759ರಲ್ಲಿ ಇಂಗ್ಲಿಷರು ಕ್ವಿಬೆಕ್ ನಗರವನ್ನು ಗೆದ್ದರು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ದೇಶ ಆ ನೆಲವನ್ನೇ ಬಿಟ್ಟುಕೊಟ್ಟಿತು. ಜನ ಉಳಿದರು, ಹಿಂದೆ ನಿಂತು ಕಾಯುವ ದೇಶ ಉಳಿಯಲಿಲ್ಲ. ಇಂಗ್ಲಿಷರ 1774ರ ಕಾಯಿದೆ ಅವರ ಧರ್ಮಕ್ಕೂ ಅವರ ನಾಗರಿಕ ಕಾನೂನಿಗೂ ಮಾನ್ಯತೆ ಕೊಟ್ಟಿತು. ಇಂಗ್ಲಿಷರ ಆಳ್ವಿಕೆಯ ವಿರುದ್ಧ ಎದ್ದ 1837 ಮತ್ತು 1838ರ ದಂಗೆಗಳು ಅಡಗಿದ ಮೇಲೆ ವರದಿ ಬರೆದ ಇಂಗ್ಲಿಷ್ ಅಧಿಕಾರಿ ಲಾರ್ಡ್ ಡರ್ಹಮ್, ಇವರು ಇತಿಹಾಸವೂ ಸಾಹಿತ್ಯವೂ ಇಲ್ಲದ ಜನ, ಇಂಗ್ಲಿಷಿನಲ್ಲಿ ಕರಗಿಹೋಗುವುದೇ ಇವರಿಗೆ ಒಳ್ಳೆಯದು ಎಂಬ ಅಭಿಪ್ರಾಯ ಕೊಟ್ಟ. ಅವರು ಕರಗಲಿಲ್ಲ. ಚರ್ಚು, ಬೇಸಾಯ, ತುಂಬಿದ ಮನೆಗಳು ನೂರು ವರ್ಷ ಆ ನುಡಿಯನ್ನು ಕಾಪಾಡಿದವು. ಕಾಪಾಡಿದವು ಎಂದರೆ ಊರಲ್ಲಿ, ಮನೆಯಲ್ಲಿ. ಮಾಂಟ್ರಿಯಲ್‌ನ ಕಾರ್ಖಾನೆಯಲ್ಲಿ ಮೇಲಧಿಕಾರಿಯ ನುಡಿ ಇಂಗ್ಲಿಷು, ಕೂಲಿಯವನ ನುಡಿ ಫ್ರೆಂಚು. 1963ರಲ್ಲಿ ನೇಮಕವಾದ ದ್ವಿಭಾಷಾ ಆಯೋಗ ವರಮಾನದ ಲೆಕ್ಕ ತೆಗೆದಾಗ, ಫ್ರೆಂಚರು ತಮ್ಮದೇ ಪ್ರಾಂತ್ಯದಲ್ಲಿ ಸಂಪಾದನೆಯ ಪಟ್ಟಿಯ ಕೆಳತುದಿಯ ಹತ್ತಿರ ಇದ್ದದ್ದು ಬೆಳಕಿಗೆ ಬಂತು.

1960ರ ಚುನಾವಣೆಯಲ್ಲಿ ಜಾನ್ ಲೆಸಾಜ್ ಗೆದ್ದ ಮೇಲೆ ಆ ನಾಡು ಮಗ್ಗಲು ಬದಲಿಸಿತು. ಶಾಲೆಗಳು ಚರ್ಚಿನ ಕೈಯಿಂದ ಸರ್ಕಾರದ ಕೈಗೆ ಬಂದವು. 1963ರಲ್ಲಿ ಖಾಸಗಿ ವಿದ್ಯುತ್ ಕಂಪನಿಗಳನ್ನು ಕೊಂಡು ಒಂದೇ ಸರ್ಕಾರಿ ಸಂಸ್ಥೆಯಡಿ ತಂದರು. ಎಂಜಿನಿಯರುಗಳು ದೊಡ್ಡ ಅಣೆಕಟ್ಟುಗಳನ್ನು ಫ್ರೆಂಚಿನಲ್ಲೇ ಲೆಕ್ಕ ಹಾಕಿ ಕಟ್ಟಿದರು. ಕೊನೆಗೆ 1977ರಲ್ಲಿ ರೆನೆ ಲೆವೆಕ್ ಸರ್ಕಾರ ಫ್ರೆಂಚ್ ಭಾಷಾ ಶಾಸನವನ್ನು ತಂದಿತು. 101ನೇ ಮಸೂದೆ ಎಂದೇ ಅದು ಪ್ರಸಿದ್ಧ. ಅದರ ಜೀವ ಇದ್ದದ್ದು ಎರಡು ಕಡೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿ ತನ್ನೊಳಗಿನ ವ್ಯವಹಾರ ಫ್ರೆಂಚಿನಲ್ಲಿ ನಡೆಯುತ್ತದೆಂದು ತೋರಿಸಿ ಪ್ರಮಾಣಪತ್ರ ಪಡೆಯಬೇಕಾಯಿತು. ಫ್ರೆಂಚ್ ಮಾತ್ರ ಬಲ್ಲ ಎಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿರಲಿಲ್ಲ. ಹೊರಗಿಂದ ಬಂದು ನೆಲೆಸಿದವರ ಮಕ್ಕಳು ಸರ್ಕಾರದ ಹಣದಿಂದ ನಡೆಯುವ ಶಾಲೆ ಸೇರುವುದಾದರೆ ಫ್ರೆಂಚ್ ಶಾಲೆಗೇ ಸೇರಬೇಕು ಎಂಬುದು ಎರಡನೆಯದು. ಇಟಲಿಯಿಂದ, ಹೈಟಿಯಿಂದ, ವಿಯೆಟ್ನಾಮಿನಿಂದ ಬಂದವರ ಮಕ್ಕಳು ಫ್ರೆಂಚಿನಲ್ಲಿ ಓದಿ ಬೆಳೆದರು. ಅವರಿಗೆ 101ನೇ ಮಸೂದೆಯ ಮಕ್ಕಳು ಎಂಬ ಹೆಸರೇ ಬಂತು.

ಇದಕ್ಕೆ ಆ ನಾಡು ಬೆಲೆ ತೆತ್ತಿತು. ಹೆಸರಾಂತ ವಿಮಾ ಕಂಪನಿಯೊಂದು 1978ರಲ್ಲಿ ಮಾಂಟ್ರಿಯಲ್ ಬಿಟ್ಟು ಟೊರಾಂಟೊಗೆ ಹೋಗುವುದಾಗಿ ಸಾರಿತು. ಸಾವಿರಾರು ಇಂಗ್ಲಿಷ್ ಕುಟುಂಬಗಳೂ ಹೊರಟವು. ಸರ್ಕಾರ ಕದಲಲಿಲ್ಲ. ನಾಮಫಲಕ ಫ್ರೆಂಚಿನಲ್ಲಿ ಮಾತ್ರ ಇರಬೇಕೆಂಬ ನಿಯಮವನ್ನು 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗ ದೊಡ್ಡ ಗಲಾಟೆಯಾಯಿತು. 1993ರಲ್ಲಿ ಬೇರೆ ನುಡಿಯೂ ಇರಲಿ, ಫ್ರೆಂಚು ಎದ್ದು ಕಾಣುವಂತಿರಲಿ ಎಂಬ ರಾಜಿಗೆ ಬಂದರು. ಫಲಕದ ವಿಷಯದಲ್ಲಿ ಬಾಗಿದವರು ಕೆಲಸದ ನುಡಿಯ ವಿಷಯದಲ್ಲಿ ಬಾಗಲಿಲ್ಲ.

ನಾವು ಮಾಡಿದ್ದು ಇದರ ತಿರುವುಮುರುವು. 1981ರ ಗೋಕಾಕ್ ವರದಿ, 1982ರ ಚಳವಳಿ, ಡಾ. ರಾಜ್‌ಕುಮಾರ್ ಅವರ ಹಿಂದೆ ನಡೆದ ಜನಸಾಗರ, ಇವು ಕನ್ನಡಕ್ಕೆ ಶಾಲೆಯಲ್ಲಿ ಮರ್ಯಾದೆ ತಂದುಕೊಟ್ಟವು. ಅದು ಸಣ್ಣ ಗೆಲುವಲ್ಲ. 1986ರ ಸರೋಜಿನಿ ಮಹಿಷಿ ವರದಿ ಕನ್ನಡಿಗರ ಉದ್ಯೋಗದ, ಅಂದರೆ ಅನ್ನದ ಪ್ರಶ್ನೆಯನ್ನು ಎತ್ತಿತು. ಅದರ ಶಿಫಾರಸುಗಳು ಇಂದಿಗೂ ಭಾಷಣದ ಸರಕು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮಗು ಯಾವ ಮಾಧ್ಯಮದಲ್ಲಿ ಓದಬೇಕೆಂದು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಅದೇ ವರ್ಷದ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಗುಡುಗಿದ ಕೂಡಲೇ ತಡೆಹಿಡಿಯಿತು.

ಆ ಮಸೂದೆಯ ಸೋಲಿಗಿಂತ ಅದರ ಕಲ್ಪನೆಯೇ ನನ್ನನ್ನು ಕಾಡುತ್ತದೆ. ಕ್ವಿಬೆಕ್ ಕಂಪನಿಗಳಿಗೆ ಹೇಳಿದ್ದು, ನೀವು ಯಾರನ್ನಾದರೂ ತೆಗೆದುಕೊಳ್ಳಿ, ಕೆಲಸ ನಮ್ಮ ನುಡಿಯಲ್ಲಿ ನಡೆಯಲಿ ಎಂದು. ಅಲ್ಲಿ ನುಡಿ ಕಲಿತವನಿಗೆಲ್ಲ ಬಾಗಿಲು ತೆರೆಯಿತು. ನಾವು ಹುಟ್ಟಿನ, ವಾಸದ ದಾಖಲೆ ಹುಡುಕಲು ಹೊರಟೆವು. ಕೆಲಸದ ನುಡಿಯನ್ನು ಮುಟ್ಟಲೇ ಇಲ್ಲ. ಹುಣಸೂರಿನ ಹುಡುಗನಿಗೆ ಕೆಲಸ ಸಿಕ್ಕರೂ ಅವನ ಕನ್ನಡಕ್ಕೆ ಅಲ್ಲಿ ಕೆಲಸವಿಲ್ಲ ಎಂದಾದರೆ, ಅವನು ತನ್ನ ಮಗಳನ್ನು ಯಾವ ಶಾಲೆಗೆ ಕಳಿಸುತ್ತಾನೆ? ಹಳ್ಳಿಯ ಅರಳಿಕಟ್ಟೆಯವರೆಗೂ ಬರುವ ಇಂಗ್ಲಿಷ್ ಶಾಲೆಯ ವ್ಯಾನಿಗೆ ಉತ್ತರ ಇಲ್ಲೇ ಇದೆ. ತಂದೆತಾಯಿಗೆ ಕನ್ನಡದ ಮೇಲೆ ಅಭಿಮಾನ ಕಡಿಮೆಯೆಂದು ಬಯ್ಯುವುದು ಅನ್ಯಾಯ. ಅವರು ಅನ್ನ ಎಲ್ಲಿದೆಯೋ ಅತ್ತ ನೋಡುತ್ತಿದ್ದಾರೆ. ಈ ಸೀಮೆಯ ಮುಖ್ಯ ವಾಣಿಜ್ಯ ಬೆಳೆಯಾದ ವರ್ಜೀನಿಯಾ ಹೊಗೆಸೊಪ್ಪನ್ನೇ ತೆಗೆದುಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ರೈತ ಬ್ಯಾರನ್ನಿನಲ್ಲಿ ರಾತ್ರಿಯಿಡೀ ಬೆಂಕಿ ಕಾದು ಸೊಪ್ಪು ಹದ ಮಾಡುತ್ತಾನೆ, ಬೇಲು ಕಟ್ಟಿ ಹರಾಜು ಕಟ್ಟೆಗೆ ತರುತ್ತಾನೆ. ಅವನ ಬೆಳೆಯ ಮಿತಿ ಗೊತ್ತುಮಾಡುವ ಮಂಡಳಿಯ ಪ್ರಧಾನ ಕಚೇರಿ ಗುಂಟೂರಿನಲ್ಲಿ. ಬೆಲೆ ತೀರ್ಮಾನವಾಗುವುದು ಸಿಗರೇಟು ಕಂಪನಿಗಳ, ರಫ್ತುದಾರರ ಲೋಕದಲ್ಲಿ. ಕನ್ನಡ ಅವನ ದುಡಿಮೆಯ ನುಡಿ, ಅವನ ಬದುಕಿನ ನಿರ್ಧಾರಗಳ ನುಡಿಯಲ್ಲ.

ನಮಗೂ ಕ್ವಿಬೆಕ್‌ಗೂ ಅಧಿಕಾರದಲ್ಲಿ ಅಂತರವಿದೆ ಎಂಬುದನ್ನು ಒಪ್ಪಬೇಕು. ಅಲ್ಲಿ ಶಿಕ್ಷಣ ಪೂರ್ತಿಯಾಗಿ ಪ್ರಾಂತ್ಯದ್ದು. ವಲಸಿಗರನ್ನು ಆರಿಸಿಕೊಳ್ಳುವುದರಲ್ಲೂ ಅದಕ್ಕೆ ಪಾಲಿದೆ. ಹಕ್ಕುಗಳ ಕೆಲವು ಕಲಮುಗಳನ್ನು ಬದಿಗಿರಿಸಿ ಶಾಸನ ಮಾಡುವ ಅವಕಾಶ ಸಂವಿಧಾನದಲ್ಲೇ ಇದೆ. ನಮ್ಮಲ್ಲಿ ಶಿಕ್ಷಣ 1976ರ ತಿದ್ದುಪಡಿಯಲ್ಲಿ ಸಮವರ್ತಿ ಪಟ್ಟಿಗೆ ಹೋಯಿತು. ಆದರೂ ಕೆಲಸದ ಜಾಗದಲ್ಲಿ ನೇಮಕದ ಕರಾರು, ಸುರಕ್ಷತೆಯ ಸೂಚನೆ, ದೂರಿನ ಅರ್ಜಿ ಕನ್ನಡದಲ್ಲಿರಬೇಕು ಎಂದು ಪಟ್ಟುಹಿಡಿಯುವುದು ರಾಜ್ಯದ ಕೈಮೀರಿದ್ದಲ್ಲ. ಅಷ್ಟನ್ನೂ ಕೇಳದೆ ಫಲಕಕ್ಕೆ ಬಣ್ಣ ಹೊಡೆಸಿದ್ದು ದುರ್ಬಲ ಆಯ್ಕೆ.

ಹಾಗೆಂದು ಕ್ವಿಬೆಕ್ ನಮಗೆ ಮಾದರಿಯೆಂದು ಕಣ್ಣುಮುಚ್ಚಿ ಹೇಳಲಾರೆ. ತನ್ನ ಮೇಲಿದ್ದವರನ್ನು ಬಾಗಿಸಿದ ಆ ನಾಡು ತನ್ನ ಕೆಳಗಿದ್ದವರ ಮುಂದೆ ಬಾಗಲು ಬಹಳ ತಡ ಮಾಡಿತು. 1971ರಲ್ಲಿ ಜೇಮ್ಸ್ ಕೊಲ್ಲಿಯ ನದಿಗಳಿಗೆ ಅಣೆಕಟ್ಟು ಕಟ್ಟುವ ಯೋಜನೆ ಸಾರಿದಾಗ ಅಲ್ಲಿ ಸಾವಿರಾರು ವರ್ಷಗಳಿಂದ ಬೇಟೆಯಾಡಿ ಬದುಕಿದ ಕ್ರೀ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕ್ರೀ ಜನ ನ್ಯಾಯಾಲಯಕ್ಕೆ ಹೋದರು. 1973ರ ನವೆಂಬರಿನಲ್ಲಿ, ಅಂದರೆ ನಮ್ಮ ನಾಡಿಗೆ ಹೆಸರು ಬಂದ ಅದೇ ತಿಂಗಳಲ್ಲಿ, ನ್ಯಾಯಮೂರ್ತಿ ಮಲೂಫ್ ಕಾಮಗಾರಿಗೆ ತಡೆಯಾಜ್ಞೆ ಕೊಟ್ಟರು. ವಾರದೊಳಗೆ ಮೇಲಿನ ಕೋರ್ಟು ಅದನ್ನು ತೆರವು ಮಾಡಿದರೂ ಸರ್ಕಾರ ಮಾತುಕತೆಗೆ ಕೂರಲೇಬೇಕಾಯಿತು. 1975ರ ಒಪ್ಪಂದದಿಂದ ಕ್ರೀ ಜನರಿಗೆ ಪರಿಹಾರವೂ ಬೇಟೆಯ ಹಕ್ಕೂ ತಮ್ಮದೇ ಶಾಲಾ ಮಂಡಳಿಯೂ ಸಿಕ್ಕವು. ಅವರ ಮಕ್ಕಳು ಶಾಲೆಯಲ್ಲಿ ಕ್ರೀ ನುಡಿ ಕಲಿಯುವಂತಾಯಿತು. 1977ರ ಭಾಷಾ ಶಾಸನವೂ ಮೂಲನಿವಾಸಿಗಳ ನುಡಿಗಳ ಹಕ್ಕನ್ನು ಪೀಠಿಕೆಯಲ್ಲೇ ಒಪ್ಪಿತು. ಆದರೂ ಗಾಯ ಮಾಗಲಿಲ್ಲ. 1995ರಲ್ಲಿ ಕೆನಡಾದಿಂದ ಬೇರೆಯಾಗುವ ಬಗ್ಗೆ ಕ್ವಿಬೆಕ್ ಜನಮತಗಣನೆ ನಡೆಸಿದಾಗ ಕ್ರೀ ಜನ ತಮ್ಮದೇ ಮತಗಣನೆ ನಡೆಸಿ, ಶೇ 96ರಷ್ಟು ಮಂದಿ ಬೇಡ ಎಂದರು. ನಿಮಗೆ ನಾಡಿನ ಹಕ್ಕು ಇದ್ದರೆ ನಮಗೂ ಇದೆ ಎಂಬ ಮಾತು ಅದು. ಇಡೀ ಪ್ರಾಂತ್ಯದ ಫಲಿತಾಂಶದಲ್ಲಿ ಬೇಡ ಎಂದವರು ಶೇ 50.58. ಆ ರಾತ್ರಿ ಪ್ರಾಂತ್ಯದ ಪ್ರೀಮಿಯರ್ ಜಾಕ್ ಪರಿಜೋ ಸೋಲಿಗೆ ಹಣವಂತರನ್ನೂ ಹೊರಗಿಂದ ಬಂದ ಸಮುದಾಯಗಳ ಮತಗಳನ್ನೂ ದೂರಿದರು. ನುಡಿ ಕಲಿತವರೆಲ್ಲ ನಮ್ಮವರು ಎಂದಿದ್ದ ನಾಡು ಸೋತ ಗಳಿಗೆಯಲ್ಲಿ ಹುಟ್ಟಿನ ಲೆಕ್ಕಕ್ಕೆ ಇಳಿಯಿತು. ಶಿಕ್ಷಕರು ಧಾರ್ಮಿಕ ಗುರುತು ಧರಿಸುವಂತಿಲ್ಲ ಎಂದ 2019ರ ಶಾಸನದಲ್ಲೂ ಆ ಸಂಕುಚಿತ ಗಾಳಿ ಬೀಸಿದೆ.

ಈಗ ಎಚ್.ಡಿ. ಕೋಟೆಗೆ ಬರೋಣ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ತಿಯಾಯಿತು. ಹಳ್ಳಿಗಳೂ ಆದಿವಾಸಿಗಳ ಹಾಡಿಗಳೂ ಕಾಡಿನ ಅಂಚೂ ನೀರಿನಡಿಗೆ ಹೋದವು. ನಾಗರಹೊಳೆಯ ಕಾಡು ಅಭಯಾರಣ್ಯವಾಗಿ, ರಾಷ್ಟ್ರೀಯ ಉದ್ಯಾನವಾಗಿ, ಹುಲಿ ಯೋಜನೆಯ ಪ್ರದೇಶವಾಗಿ ಬಿಗಿಯಾಗುತ್ತಾ ಹೋದಂತೆ ಜೇನುಕುರುಬರು, ಬೆಟ್ಟಕುರುಬರು, ಯರವರು ಒಳಗಿಂದ ಹೊರಗೆ ಬಂದರು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಹಾಗೆ ಬಂದವರ ಪುನರ್ವಸತಿ ಕೇಂದ್ರವಿದೆ. ಈ ಸಮುದಾಯಗಳಿಗೆ ತಮ್ಮವೇ ನುಡಿಗಳಿವೆ. ಜೇನು, ಮರ, ಆನೆಯ ನಡೆ, ದೇವರ ಬನ ಕುರಿತ ಅವರ ತಿಳಿವಳಿಕೆ ಆ ನುಡಿಗಳಲ್ಲಿದೆ. ಜನಗಣತಿಯಲ್ಲಿ ಕುರುಬ ಅಥವಾ ಕುರುಂಬ ಎಂದು ಬರೆಸಿದ ತಾಯ್ನುಡಿಯನ್ನು ಕನ್ನಡದ ಗುಂಪಿಗೇ ಸೇರಿಸುತ್ತಾರೆ. ಹಾಡಿಯ ಮಗು ಆಶ್ರಮ ಶಾಲೆಗೆ ಬಂದ ಮೊದಲ ದಿನವೇ ಕನ್ನಡದ ಪುಸ್ತಕ ಬಿಚ್ಚುತ್ತದೆ. ಆ ಕನ್ನಡ ಅದರ ಅಮ್ಮ ಆಡುವ ಮಾತಲ್ಲ; ಮೇಷ್ಟರು ಕೇಳಿದ್ದು ಅರ್ಥವಾಗದೆ ಕೂತ ಮಗುವಿಗೆ ದಡ್ಡ ಎಂಬ ಹಣೆಪಟ್ಟಿ ಬೀಳುತ್ತದೆ, ನಡುವೆಯೇ ಶಾಲೆ ಬಿಟ್ಟಾಗ ತಪ್ಪು ಅದರದ್ದೇ ಎನಿಸಿಕೊಳ್ಳುತ್ತದೆ. ಬೆಂಗಳೂರಿನ ಕಚೇರಿಯಲ್ಲಿ ಇಂಗ್ಲಿಷಿನ ಮುಂದೆ ನಾವು ನುಂಗುವ ಅವಮಾನವನ್ನೇ ಹಾಡಿಯ ಮಗುವಿಗೆ ಕನ್ನಡದ ಹೆಸರಿನಲ್ಲಿ ಬಡಿಸುತ್ತಿದ್ದೇವೆ.

ಬೇರೆ ದಾರಿ ಇರಲಿಲ್ಲವೇ? ಅದೇ ಸೀಮೆಯಲ್ಲಿ ಇತ್ತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ಸುಮಾರಿಗೆ ಮೈಸೂರು ಸರ್ಕಾರ ಟಿಬೆಟ್ಟಿನಿಂದ ಓಡಿಬಂದವರಿಗೆ ಸುಮಾರು ಮೂರು ಸಾವಿರ ಎಕರೆ ನೆಲ ಗುತ್ತಿಗೆ ಕೊಟ್ಟಿತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆ ಬಂತು. ಬೈಲಕುಪ್ಪೆಯ ಮಕ್ಕಳು ಟಿಬೆಟನ್ ನುಡಿಯಲ್ಲಿ ಅಕ್ಷರ ಕಲಿಯುತ್ತಾರೆ, ಸೆರಾ ಮತ್ತು ನಾಮ್‌ಡ್ರೋಲಿಂಗ್ ಮಠಗಳಲ್ಲಿ ಅದೇ ನುಡಿಯಲ್ಲಿ ತರ್ಕಶಾಸ್ತ್ರ ಓದುತ್ತಾರೆ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ. ಇದರಿಂದ ಕನ್ನಡಕ್ಕೆ ಕೂದಲೆಳೆಯಷ್ಟೂ ನಷ್ಟವಾಗಲಿಲ್ಲ. ದೂರದಿಂದ ಬಂದವರ ನುಡಿಗೆ ಶಾಲೆ, ಮಠ, ಆಡಳಿತ ಎಲ್ಲಕ್ಕೂ ಜಾಗ ಕೊಟ್ಟ ಈ ಸೀಮೆ, ಈ ಕಾಡಿನಲ್ಲೇ ಹುಟ್ಟಿದವರ ನುಡಿಗೆ ಒಂದನೇ ತರಗತಿಯಲ್ಲೂ ಜಾಗ ಕೊಡಲಿಲ್ಲ. ಟಿಬೆಟನ್ನರಿಗೆ ಕೊಟ್ಟದ್ದು ಸರಿಯಾದ ಔದಾರ್ಯ. ಅದನ್ನು ಮನೆಯವರಿಗೆ ಕೊಡದೆ ಹೋದದ್ದು ನಮ್ಮ ಭಾಷಾ ರಾಜಕಾರಣದ ಅತಿ ದೊಡ್ಡ ಕೊರತೆ.

ಕನ್ನಡವೇ ಕಷ್ಟದಲ್ಲಿರುವಾಗ ಸಣ್ಣ ನುಡಿಗಳಿಗೆ ಜಾಗ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಅವರ ಆತಂಕ ಪ್ರಾಮಾಣಿಕವಾದದ್ದು, ತೀರ್ಮಾನ ತಪ್ಪಾದದ್ದು. ಕನ್ನಡಕ್ಕೆ ಆಪತ್ತು ಬಂದಿರುವುದು ಸಂಬಳ ಕೊಡುವ ಇಂಗ್ಲಿಷಿನಿಂದ; ಜೇನುಕುರುಬರ ನುಡಿ ಕನ್ನಡದ ಯಾವ ಮನೆಯ ಅನ್ನವನ್ನೂ ಕಿತ್ತುಕೊಂಡಿಲ್ಲ. ತಾಯ್ನುಡಿಯಲ್ಲಿ ಓದು ಶುರುಮಾಡಿದ ಮಗು ಎರಡನೆಯ ನುಡಿಯನ್ನು ಗಟ್ಟಿಯಾಗಿ ಕಲಿಯುತ್ತದೆ ಎಂಬುದು ಕನ್ನಡ ಮಾಧ್ಯಮದ ಪರವಾಗಿ ನಾವೇ ನಾಲ್ಕು ದಶಕಗಳಿಂದ ಮಂಡಿಸಿದ ವಾದ. ಅದು ಹಾಡಿಯ ಬಾಗಿಲಲ್ಲಿ ಸುಳ್ಳಾಗುವುದಿಲ್ಲ. ಸುಳ್ಳಾಗುತ್ತದೆ ಎಂದರೆ ಗೋಕಾಕ್ ಚಳವಳಿಯ ನೈತಿಕ ಬಲವೇ ಕುಸಿಯುತ್ತದೆ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಹೆಸರಿನ ವಿಷಯದಲ್ಲಿ ಕರ್ನಾಟಕ ಕ್ವಿಬೆಕ್‌ಗಿಂತ ದೊಡ್ಡತನ ತೋರಿತು. ಗಾಯದ ನೆನಪಿಲ್ಲದೆ, ಬಿಟ್ಟುಕೊಟ್ಟು ನಾಡು ಕಟ್ಟಿತು. ಅನ್ನದ ವಿಷಯದಲ್ಲಿ ಕ್ವಿಬೆಕ್ ಗಟ್ಟಿಯಾಗಿ ನಿಂತಿತು, ನಾವು ಫಲಕದಲ್ಲೇ ತೃಪ್ತರಾದೆವು. ಸಣ್ಣ ನುಡಿಗಳ ವಿಷಯದಲ್ಲಿ ಕ್ವಿಬೆಕ್ ಕೋರ್ಟಿನ ಒತ್ತಡಕ್ಕೆ ತಡವಾಗಿಯಾದರೂ ಬಾಗಿತು, ನಾವು ಇನ್ನೂ ಬಾಗಿಲ್ಲ. ಮೊದಲ ಹೆಜ್ಜೆಗೆ ಹೊಸ ಕಾಯಿದೆ ಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಹಾಡಿಗಳಲ್ಲಿ ಓದಿದ ಯುವಕ ಯುವತಿಯರಿದ್ದಾರೆ. ಆಶ್ರಮ ಶಾಲೆಯ ಮೊದಲ ಮೂರು ತರಗತಿಗೆ ಅವರನ್ನೇ ಶಿಕ್ಷಕರನ್ನಾಗಿ ಸಂಬಳ ಕೊಟ್ಟು ನೇಮಿಸಿ, ಪಾಠ ಅವರ ನುಡಿಯಲ್ಲಿ ಶುರುವಾಗಿ ಕನ್ನಡಕ್ಕೆ ದಾಟಲಿ. ಭಾರತೀಯ ಭಾಷೆಗಳ ಅಧ್ಯಯನಕ್ಕೆಂದೇ 1969ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ ಮೈಸೂರಿನಲ್ಲೇ ಇದೆ. ಪಠ್ಯ ಸಿದ್ಧಪಡಿಸಲು ಅದರ ನೆರವು ಪಡೆಯಬಹುದು. ಇಷ್ಟನ್ನು ಮಾಡುವ ಸರ್ಕಾರಕ್ಕೆ ಕಂಪನಿಗಳ ಎದುರು ಕನ್ನಡಕ್ಕೆ ಕೆಲಸದ ನುಡಿಯ ಹಕ್ಕು ಕೇಳುವ ಧೈರ್ಯವೂ ಬರುತ್ತದೆ, ಯೋಗ್ಯತೆಯೂ ಬರುತ್ತದೆ. ತನಗಿಂತ ಸಣ್ಣದಕ್ಕೆ ಕೊಟ್ಟವರು ತಮಗಿಂತ ದೊಡ್ಡದರಿಂದ ಕೇಳಬಹುದು.